ಅಣುಬಾಂಬಿನ ಭಯಕ್ಕೆ ನೆರವಿನ ಕೈ ಹಿಡಿತದಲ್ಲಿರಬೇಕೇ? ಪರ-ವಿರೋಧ

ಅಣ್ವಸ್ತ್ರ ಇರುವ ದೇಶವೊಂದು ಇನ್ನೊಂದು ದೇಶದ ಮೇಲೆ ಯುದ್ಧಕ್ಕೆ ಬಂದಿದೆ, ರಷ್ಯಾ ಉಕ್ರೇನಿನ ಮೇಲೆ ಬಂದ ಹಾಗೆ. ಹೊರಗಿನ ದೇಶಗಳು ಪೆಟ್ಟು ತಿಂದವರಿಗೆ ಆಯುಧ ಕೊಡುತ್ತಿವೆ. ಯುದ್ಧ ಅಣುಬಾಂಬಿನ ತನಕ ಹೋಗದಿರಲಿ ಅಂತ ಆ ನೆರವಿಗೆ ಒಂದು ಗೆರೆ ಹಾಕಿಕೊಳ್ಳಬೇಕೇ? ಇಬ್ಬರು ಬರೆದಿದ್ದಾರೆ.

ಪರ: ಬದು ದಾಟಬಾರದು
(ನಿವೃತ್ತ ವಿಜ್ಞಾನ ಶಿಕ್ಷಕಿ, ಬೀದರ್ ಜಿಲ್ಲೆ)

ನನ್ನ ತವರು ಭಾಲ್ಕಿ ತಾಲೂಕಿನ ಒಂದು ಸಣ್ಣ ಊರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ದೊಡ್ಡಪ್ಪನಿಗೂ ಪಕ್ಕದ ಹೊಲದವರಿಗೂ ಬದುವಿನ ಜಗಳ ಹತ್ತಿತು. ಇದ್ದದ್ದು ಎರಡು ಮಾರು ಜಾಗ. ಪಕ್ಕದವರು ರಾತ್ರೋರಾತ್ರಿ ಬದು ಒಡೆದು ನೇಗಿಲು ಹೊಡೆದಿದ್ದರು. ತಪ್ಪು ಅವರದೇ. ಅದರಲ್ಲಿ ನನಗೆ ಇವತ್ತಿಗೂ ಅನುಮಾನ ಇಲ್ಲ.

ದೊಡ್ಡವ್ವನ ತವರು ಜಹೀರಾಬಾದ್ ಕಡೆ. ಸುದ್ದಿ ಮುಟ್ಟಿದ ಮೂರನೇ ದಿನಕ್ಕೆ ಆಕೆಯ ಇಬ್ಬರು ತಮ್ಮಂದಿರು ಟ್ರ್ಯಾಕ್ಟರ್ ತುಂಬ ಮಂದಿ ಕರೆದುಕೊಂಡು ಬಂದರು. ಕೈಯಲ್ಲಿ ಬಡಿಗೆ, ಕೊಡಲಿ. ನಮ್ಮ ಮುತ್ಯಾ ಕಟ್ಟೆ ಮೇಲೆ ಕೂತಿದ್ದರು. ಬಂದವರಿಗೆ ನೀರು ಕೊಡಿಸಿದರು, ಊಟ ಹಾಕಿಸಿದರು. ಆಮೇಲೆ ಹೇಳಿದರು: "ನೋಡ್ರಪಾ, ನಿಮ್ಮ ಆಸರ ನಮಗ ಬೇಕು. ವಕೀಲಗ ರೊಕ್ಕಾ ಕೊಡ್ರಿ. ರಾಶಿಗಿ ಆಳ ಕೊಡ್ರಿ. ಆದ್ರ ನಿಮ್ಮ ಒಬ್ಬ ಮನಷ್ಯಾನೂ ಆ ಬದು ದಾಟಬಾರ್ದು."

ಹಿರಿಯ ಮಾಮಾ ಒಪ್ಪಿದರು. ಕಿರಿಯರಿಗೆ ಅದು ಅವಮಾನ ಅನ್ನಿಸಿತು. ಆ ರಾತ್ರಿ ಅವರ ಜೊತೆ ಬಂದಿದ್ದ ಒಬ್ಬ ಹುಡುಗ ಪಂಜು ಹಿಡಿದು ಬದುವಿನ ಗುಂಟ ಓಡಾಡಿದ. ಹದಿನೇಳು ಹದಿನೆಂಟು ವಯಸ್ಸು. ಸುಮ್ನೆ ಹೆದರಿಸೋಣ ಅಂತ. ಬೆಂಕಿ ಹಚ್ಚುವ ಮನಸ್ಸು ಅವನಿಗೆ ಖಂಡಿತ ಇರಲಿಲ್ಲ. ಗಾಳಿ ಜೋರಿತ್ತು. ಕಿಡಿ ಹಾರಿ ಒಂದು ಕಣಿಕೆ ಬಣವೆಗೆ ಬಿತ್ತು. ಅದು ನಮ್ಮದಲ್ಲ, ಪಕ್ಕದವರದೂ ಅಲ್ಲ. ಆಚೆ ಹೊಲದ ಮುದುಕಿಯದು. ಜಗಳ ಯಾತಕ್ಕೆ ಅಂತಲೂ ಆಕೆಗೆ ಗೊತ್ತಿರಲಿಲ್ಲ. ಬೆಳಗಾಗುವುದರೊಳಗೆ ಮೂರು ಬಣವೆ ಸುಟ್ಟವು. ಆಕೆಯ ಎರಡು ಎತ್ತು ಕಟ್ಟಿದ ಗೂಟದಲ್ಲೇ ಸತ್ತಿದ್ದವು.

ಉಕ್ರೇನಿನ ಸುದ್ದಿ ಓದುವಾಗಲೆಲ್ಲ ನನಗೆ ಆ ಎತ್ತುಗಳು ನೆನಪಾಗುತ್ತವೆ. 2022ರ ನವೆಂಬರ್ 15ರಂದು ಪೋಲೆಂಡಿನ ಗಡಿ ಹಳ್ಳಿ ಪ್ಶೆವೊಡುವ್‌ನಲ್ಲಿ ಒಂದು ಕ್ಷಿಪಣಿ ಬಿತ್ತು. ಇಬ್ಬರು ಸತ್ತರು. ಪೋಲೆಂಡ್ ನೇಟೋ ದೇಶ, ಅಂದರೆ ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟದ್ದು. ಒಬ್ಬರ ಮೇಲೆ ಬಿದ್ದ ಪೆಟ್ಟು ಎಲ್ಲರ ಮೇಲೆ ಬಿದ್ದಂತೆ ಅನ್ನುವುದು ಆ ಕೂಟದ ಒಪ್ಪಂದ. ಆ ರಾತ್ರಿ ಎಲ್ಲರ ಕಣ್ಣೂ ರಷ್ಯಾದ ಮೇಲೆ. ಮಾರನೇ ದಿನ ಪೋಲೆಂಡ್ ಮತ್ತು ನೇಟೋ ಬೇರೆಯೇ ಹೇಳಿದವು. ರಷ್ಯಾದ ಕ್ಷಿಪಣಿಗಳನ್ನು ತಡೆಯಲು ಉಕ್ರೇನೇ ಹಾರಿಸಿದ್ದು ದಾರಿ ತಪ್ಪಿ ಬಂದಿರಬೇಕು ಅಂತ. ಆ ಒಂದು ರಾತ್ರಿ ಯಾರಾದರೂ ಅವಸರ ಮಾಡಿದ್ದರೆ?

ನನ್ನ ಭಯ ಇದೇ. ಯಾರೋ ಹುಚ್ಚ ಬಟನ್ ಒತ್ತುತ್ತಾನೆ ಅಂತ ಅಲ್ಲ. ತಪ್ಪಾಗುತ್ತದೆ ಅಂತ. ಯಂತ್ರಕ್ಕೆ ತಪ್ಪಾಗುತ್ತದೆ, ಮನುಷ್ಯನಿಗೆ ತಪ್ಪಾಗುತ್ತದೆ. ನಮ್ಮಲ್ಲೇ ಆಯಿತಲ್ಲ. 2022ರ ಮಾರ್ಚ್ 9ರಂದು ನಮ್ಮ ಒಂದು ಬ್ರಹ್ಮೋಸ್ ಕ್ಷಿಪಣಿ ಅಚಾನಕ್ಕಾಗಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಹತ್ತಿರ ಬಿತ್ತು. ಅದರಲ್ಲಿ ಸಿಡಿತಲೆ, ಅಂದರೆ ಸಿಡಿಯುವ ಮದ್ದಿನ ಭಾಗ, ಇರಲಿಲ್ಲ, ಯಾರೂ ಸಾಯಲಿಲ್ಲ. ತನಿಖೆ ಆಗಿ ಮೂವರು ಅಧಿಕಾರಿಗಳನ್ನು ಸೇವೆಯಿಂದ ತೆಗೆದರು. ಅದು ಶಾಂತಿಯ ದಿನ. ಯುದ್ಧ ನಡೆಯುವ ದಿನ ಹಾಗೆ ಆಗಿದ್ದರೆ ಆಚೆಯವರು ಅಷ್ಟು ತಾಳ್ಮೆಯಿಂದ ಇರುತ್ತಿದ್ದರಾ?

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ್ದೇನೆ. ಬೀದರ್ ವಾಯುನೆಲೆಯ ಹಾಕ್ ವಿಮಾನ ಶಾಲೆಯ ಮೇಲೆ ಹಾದರೆ ಸಾಕು, ಪಾಠ ಬಿಟ್ಟು ಹೊರಗೆ ಓಡುತ್ತಿದ್ದರು. ಅಣುಬಾಂಬಿನ ಪಾಠ ಬಂದರೆ ಮಾತ್ರ ಕ್ಲಾಸು ಗಪ್ ಆಗುತ್ತಿತ್ತು. ಹಿರೋಷಿಮಾದ ಬಾಂಬು ಸುಮಾರು 15 ಕಿಲೋಟನ್, ಅಂದರೆ 15,000 ಟನ್ ಸಿಡಿಮದ್ದಿನಷ್ಟು ಶಕ್ತಿ. 1945 ಮುಗಿಯುವ ಹೊತ್ತಿಗೆ ಆ ಒಂದು ಊರಿನಲ್ಲಿ ಸತ್ತವರು ಸುಮಾರು 1,40,000. ಇವತ್ತು ಜಗತ್ತಿನಲ್ಲಿ ಸುಮಾರು 12,000 ಅಣು ಸಿಡಿತಲೆಗಳಿವೆ. ಹತ್ತರಲ್ಲಿ ಹೆಚ್ಚು ಕಡಿಮೆ ಒಂಬತ್ತು ರಷ್ಯಾ ಮತ್ತು ಅಮೆರಿಕದ ಕೈಯಲ್ಲಿವೆ. ಒಂದು ಸಲ ಒಬ್ಬ ಹುಡುಗಿ ಕೇಳಿದಳು, "ಮಿಸ್, ಇಷ್ಟ್ಯಾಕ ಬೇಕ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

1962ರ ಕ್ಯೂಬಾ ಪ್ರಕರಣವನ್ನು ಎಲ್ಲರೂ ಹೇಳುತ್ತಾರೆ. ನಾನೂ ಹೇಳಲೇಬೇಕು. ಯಾಕಂದರೆ ಅದು ಹೊರಗಿನ ಶಕ್ತಿ ಒಂದು ಸಣ್ಣ ದೇಶಕ್ಕೆ ಆಸರೆಯಾಗಲು ಹೋಗಿ ಹುಟ್ಟಿದ ಸಂಕಟ. ಕ್ಯೂಬಾವನ್ನು ಕಾಯುತ್ತೇವೆ ಅಂತ ಸೋವಿಯತ್ ಒಕ್ಕೂಟ ಅಣ್ವಸ್ತ್ರ ತಂದಿಟ್ಟಿತು. ಅಮೆರಿಕ ಸಮುದ್ರದಲ್ಲಿ ಅಡ್ಡ ನಿಂತಿತು. ಅಮೆರಿಕ ನುಗ್ಗಿದರೆ ಅಣ್ವಸ್ತ್ರದಿಂದ ಹೊಡೆಯಿರಿ ಅಂತ ಕ್ಯೂಬಾದ ನಾಯಕ ಕ್ಯಾಸ್ಟ್ರೊ ಸೋವಿಯತ್ ನಾಯಕ ಕ್ರುಶ್ಚೇವ್‌ಗೆ ಪತ್ರ ಬರೆದರು. ಆಸರೆ ಪಡೆದವನು ಕೇಳುವುದು ಹಾಗೇ, ಅವನ ಮನೆ ಉರಿಯುತ್ತಿರುತ್ತದೆ. ಕೊಡುವವನ ತಲೆ ತಣ್ಣಗಿರಬೇಕು.

ಅಕ್ಟೋಬರ್ 27ರಂದು ಬಿ-59 ಅನ್ನುವ ಸೋವಿಯತ್ ಸಬ್‌ಮರೀನ್ ನೀರಿನಡಿ ಸಿಕ್ಕಿಬಿದ್ದಿತ್ತು. ಒಳಗೆ ತಡೆಯಲಾಗದ ಸೆಕೆ. ಮಾಸ್ಕೋ ಜೊತೆ ಮಾತಿಲ್ಲ. ಮೇಲಿನಿಂದ ಅಮೆರಿಕದ ಹಡಗುಗಳು ಎಚ್ಚರಿಕೆಯ ಸಣ್ಣ ಸಿಡಿಗುಂಡು ಹಾಕುತ್ತಿದ್ದವು. ಒಳಗೆ ಅಣು ಟಾರ್ಪೆಡೊ ಇದೆ ಅಂತ ಆ ಹಡಗಿನವರಿಗೆ ಗೊತ್ತೇ ಇರಲಿಲ್ಲ. ಯುದ್ಧ ಶುರುವಾಗಿದೆ ಅಂತ ಕ್ಯಾಪ್ಟನ್ ತಿಳಿದ, ಟಾರ್ಪೆಡೊ ಸಿದ್ಧ ಮಾಡಿ ಅಂದ ಅಂತ ಒಳಗಿದ್ದವರು ಮುಂದೆ ಹೇಳಿದ್ದಾರೆ. ಬೇಡ ಅಂದ ಅಧಿಕಾರಿ ವಾಸಿಲಿ ಆರ್ಖಿಪೊವ್. ಅವರು ಆ ದಿನ ಬೇರೆ ಸಬ್‌ಮರೀನಿನಲ್ಲಿ ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ನೀವು ಓದುತ್ತಿರಲಿಲ್ಲ.

ಅದಕ್ಕೇ ನಾನು ಹೇಳುವುದು, ನೆರವು ಕೊಡಿ, ಬದು ದಾಟಬೇಡಿ. ಗೋಧಿ ಕೊಡಿ, ಔಷಧಿ ಕೊಡಿ, ಊರ ಮೇಲೆ ಬೀಳುವ ಕ್ಷಿಪಣಿ ತಡೆಯುವ ಆಯುಧ ಕೊಡಿ. ನಿಮ್ಮ ಸೈನಿಕರನ್ನು ಕಳಿಸಬೇಡಿ, ನಿಮ್ಮ ಪೈಲಟ್‌ಗಳನ್ನು ಹಾರಿಸಬೇಡಿ. ಅಮೆರಿಕ 2022ರ ಮಾರ್ಚ್‌ನಲ್ಲಿ ಇದನ್ನೇ ಮಾಡಿತು. ಉಕ್ರೇನಿನ ಆಕಾಶವನ್ನು ನಾವೇ ಕಾಯುತ್ತೇವೆ ಅನ್ನಲಿಲ್ಲ. ರಷ್ಯಾದ ಸೇನೆಯ ಜೊತೆ ನೇರ ಫೋನ್ ಲೈನ್ ಹಾಕಿಕೊಂಡಿತು. ಮೊದಲೇ ನಿಗದಿಯಾಗಿದ್ದ, ಅಣ್ವಸ್ತ್ರ ಹೊರುವ ತನ್ನ ಮಿನಿಟ್‌ಮನ್ ಕ್ಷಿಪಣಿಯ ಪರೀಕ್ಷೆಯನ್ನು ಮುಂದಕ್ಕೆ ಹಾಕಿತು, ಆಮೇಲೆ ಕೈಬಿಟ್ಟಿತು. ಯಾರೂ ಅದನ್ನು ಹೇಡಿತನ ಅನ್ನಬಾರದು.

ಟೀವಿ ಮುಂದೆ ಕೂತು 'ಎಲ್ಲಾ ಕೊಡಿ, ಮಾಸ್ಕೋಗೇ ಹೊಡೆಯಲಿ' ಅನ್ನುವವರನ್ನು ನೋಡಿದ್ದೇನೆ. ಅವರ ಬಣವೆ ಅಲ್ಲಿಲ್ಲ. ಹೆದರಿಸಿದವನು ಗೆದ್ದುಬಿಡುತ್ತಾನೆ ಅಂತಲೂ ಅವರು ಹೇಳುತ್ತಾರೆ. ಗೆಲ್ಲಲಿ ಅಂತ ನಾನು ಎಲ್ಲಿ ಹೇಳಿದೆ? ಬೆಂಕಿ ಹತ್ತಿದ ಮೇಲೆ ಗೆದ್ದವರು ಯಾರು ಅಂತ ಕೇಳಲು ಯಾರು ಉಳಿದಿರುತ್ತಾರೆ, ಅದನ್ನು ಮೊದಲು ಹೇಳಲಿ.

ನಮ್ಮ ಬದುವಿನ ಕೇಸು ಎಂಟು ವರ್ಷ ನಡೆಯಿತು. ಕೊನೆಗೆ ಕೋರ್ಟು ಜಾಗ ನಮ್ಮದೇ ಅಂತ ಹೇಳಿ ಕಲ್ಲು ಹಾಕಿಸಿತು. ಅಲ್ಲಿಯ ತನಕ ವಕೀಲರ ಫೀಸಿಗೆ ಕಮ್ಮಿ ಬಿದ್ದಾಗಲೆಲ್ಲ ಹಿರಿಯ ಮಾಮಾ ಜಹೀರಾಬಾದಿನಿಂದ ಬಸ್ಸಿನಲ್ಲಿ ಬಂದು ರೊಕ್ಕ ಕೊಟ್ಟು ಹೋಗುತ್ತಿದ್ದರು. ಮುದುಕಿಗೆ ಎತ್ತು ಕೊಡಿಸಿದ್ದೂ ಅವರೇ.

ವಿರೋಧ: ಬೆದರಿಕೆಯೇ ಗೆರೆ ಎಳೆಯಬಾರದು
(ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ, ಕಲಬುರಗಿ)

ಈ ಬದಿ ಬರೆಯಿರಿ ಅಂತ ನನ್ನನ್ನು ಕೇಳಿದರು. ಒಪ್ಪುವ ಮೊದಲು ಎರಡು ದಿನ ಯೋಚಿಸಿದೆ. ಅಣುಬಾಂಬಿನ ಮಾತು ಬಂದಾಗ ಹೆದರಬೇಡಿ ಅನ್ನುವುದು ಸುಲಭವಲ್ಲ. ಆದರೆ ಈ ಬದಿಯಲ್ಲೂ ಹೇಳಲೇಬೇಕಾದ ಮಾತಿದೆ.

ಮೊದಲು ನಮ್ಮದೇ ಉದಾಹರಣೆ. 1971ರಲ್ಲಿ ಹೊರಗಿನ ಶಕ್ತಿ ನಾವೇ ಆಗಿದ್ದೆವು. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದರು. ಭಾರತ ಅಲ್ಲಿನ ಸ್ವಾತಂತ್ರ್ಯ ಹೋರಾಟಗಾರರ ಪಡೆ ಮುಕ್ತಿ ಬಾಹಿನಿಗೆ ತರಬೇತಿ ಕೊಟ್ಟಿತು, ಆಯುಧ ಕೊಟ್ಟಿತು. ಆಗ ನಮ್ಮ ಹತ್ತಿರ ಅಣುಬಾಂಬು ಇರಲಿಲ್ಲ. ಪಾಕಿಸ್ತಾನದ ಬೆನ್ನಿಗಿದ್ದ ಚೀನಾ 1964ರಲ್ಲೇ ಬಾಂಬು ಸಿಡಿಸಿ ನೋಡಿತ್ತು. ಅಮೆರಿಕವೂ ಆ ಕಡೆಗೇ ಇತ್ತು. ಡಿಸೆಂಬರ್‌ನಲ್ಲಿ ಅಮೆರಿಕ ಎಂಟರ್‌ಪ್ರೈಸ್ ಅನ್ನುವ ದೊಡ್ಡ ವಿಮಾನವಾಹಕ ಹಡಗನ್ನು ಬಂಗಾಳ ಕೊಲ್ಲಿಗೆ ಕಳಿಸಿತು. ಅದು ಬೆದರಿಕೆ ಅಂತ ದೆಹಲಿಗೆ ಗೊತ್ತಿತ್ತು. ಇಂದಿರಾ ಗಾಂಧಿ ಸೇನೆಯನ್ನು ನಿಲ್ಲಿಸಲಿಲ್ಲ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಆ ದಿನ 'ಹಡಗು ಬರುತ್ತಿದೆ, ಕೈ ಹಿಂದಕ್ಕೆ ತೆಗೆಯೋಣ' ಅಂದಿದ್ದರೆ ಬಾಂಗ್ಲಾದೇಶ ಇರುತ್ತಿತ್ತಾ? ಆ ವರ್ಷದ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಂಡದ್ದು ನಮಗೆ ಬಲ ಕೊಟ್ಟಿತು, ನಿಜ. ಆದರೂ ಹೆಜ್ಜೆ ನಮ್ಮದು.

ಬೇರೆಯವರ ಯುದ್ಧಗಳನ್ನೂ ನೋಡಿ. ವಿಯೆಟ್ನಾಂನಲ್ಲಿ ಸೋವಿಯತ್ ಕೊಟ್ಟ ಕ್ಷಿಪಣಿಗಳು ಅಮೆರಿಕದ ವಿಮಾನಗಳನ್ನು ಕೆಡವಿದವು. ಅಮೆರಿಕದ 58,000ಕ್ಕೂ ಜಾಸ್ತಿ ಸೈನಿಕರು ಸತ್ತರು. ಅಮೆರಿಕ ಅಣುಬಾಂಬು ಹಾಕಲಿಲ್ಲ. 1986ರಿಂದ ಅಫ್ಘಾನಿಸ್ತಾನದಲ್ಲಿ ಅಮೆರಿಕ ಕೊಟ್ಟ, ಹೆಗಲ ಮೇಲಿಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿಗಳು ಸೋವಿಯತ್ ಹೆಲಿಕಾಪ್ಟರ್‌ಗಳನ್ನು ಕೆಡವಿದವು. ಸೋವಿಯತ್ ಕೂಡ ಹಾಕಲಿಲ್ಲ. 1989ರ ಫೆಬ್ರವರಿಯಲ್ಲಿ ಮನೆಗೆ ಹೋಯಿತು.

ಇನ್ನು ಉಕ್ರೇನ್. ಸೋವಿಯತ್ ಒಡೆದಾಗ ಅದರ ನೆಲದಲ್ಲಿ ಸುಮಾರು 1,900 ದೂರಗಾಮಿ ಅಣು ಸಿಡಿತಲೆಗಳು ಉಳಿದಿದ್ದವು. 1994ರ ಡಿಸೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಸಹಿ ಆಯಿತು. ನಿಮ್ಮ ಗಡಿಯನ್ನು ಗೌರವಿಸುತ್ತೇವೆ ಅಂತ ರಷ್ಯಾ, ಅಮೆರಿಕ, ಬ್ರಿಟನ್ ಮಾತು ಕೊಟ್ಟವು. ಉಕ್ರೇನ್ ಬಾಂಬು ಬಿಟ್ಟುಕೊಟ್ಟಿತು. 2014ರಲ್ಲಿ ಅದರ ಕ್ರೈಮಿಯಾ ರಷ್ಯಾದ ಪಾಲಾಯಿತು, 2022ರ ಫೆಬ್ರವರಿ 24ರಂದು ರಷ್ಯಾದ ಟ್ಯಾಂಕುಗಳು ಬಂದವು. ಈಗ 'ಅವರ ಹತ್ತಿರ ಬಾಂಬಿದೆ, ನಿನಗೆ ಇಷ್ಟೇ ಕೊಡುತ್ತೇವೆ' ಅಂದರೆ ಉಳಿದ ದೇಶಗಳು ಏನು ಕಲಿಯುತ್ತವೆ? ಬಾಂಬು ಮಾಡಿಕೋ, ಬಿಡಬೇಡ ಅಂತ ಅಲ್ವಾ? ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುವುದು ಇದು.

ಬೆದರಿಕೆಗಳನ್ನು ಒಂದೊಂದಾಗಿ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಪುಟಿನ್ ಉಕ್ರೇನಿನ ನಾಲ್ಕು ಪ್ರಾಂತ್ಯಗಳು ರಷ್ಯಾದವು ಅಂತ ಘೋಷಿಸಿದರು. ಎಲ್ಲ ಆಯುಧಗಳಿಂದ ಕಾಯುತ್ತೇವೆ ಅಂದರು. ನವೆಂಬರ್‌ನಲ್ಲಿ ಅದರೊಳಗಿನ ಖೆರ್ಸಾನ್ ನಗರ ಉಕ್ರೇನಿನ ಕೈಗೆ ವಾಪಸ್ ಬಂತು. ಬಾಂಬು ಬೀಳಲಿಲ್ಲ. 2024ರ ಆಗಸ್ಟ್‌ನಲ್ಲಿ ಉಕ್ರೇನ್ ಸೇನೆ ರಷ್ಯಾದ ಕುರ್ಸ್ಕ್ ಒಳಗೇ ಹೋಯಿತು. ಆಗಲೂ ಬೀಳಲಿಲ್ಲ. ಅಷ್ಟರಲ್ಲಿ ಪಶ್ಚಿಮದ ದೇಶಗಳು ಟ್ಯಾಂಕು ಕೊಡಲು, ಎಫ್-16 ಯುದ್ಧವಿಮಾನ ಕೊಡಲು ತಿಂಗಳುಗಟ್ಟಲೆ ಯೋಚಿಸಿದ್ದರಿಂದ ರಷ್ಯಾಕ್ಕೆ ಕಂದಕ ತೋಡಲು, ನೆಲಬಾಂಬು ಹೂಳಲು ಪುರುಸೊತ್ತು ಸಿಕ್ಕಿತು. ಇತ್ತ ಇರಾನಿನ ಡ್ರೋನ್ ವಿನ್ಯಾಸ ರಷ್ಯಾಕ್ಕೆ ಹೋಯಿತು, ಉತ್ತರ ಕೊರಿಯಾದ ಸೈನಿಕರು ಕುರ್ಸ್ಕ್‌ಗೆ ಬಂದರು. ಅವರು ಯಾವ ಗೆರೆಯನ್ನೂ ಹಾಕಿಕೊಳ್ಳಲಿಲ್ಲ.

ಆಕಸ್ಮಿಕವಾಗಿ ಬೆಂಕಿ ಹತ್ತಬಹುದು ಅನ್ನುತ್ತಾರೆ. ಹತ್ತಬಹುದು. ಹಾಗಂತ ಪಕ್ಕದ ಮನೆಗೆ ಕಳ್ಳ ಹೊಕ್ಕಾಗ ದೀಪವನ್ನೂ ಹಚ್ಚದೆ ಬಾಗಿಲು ಹಾಕಿಕೊಂಡು ಕೂಡಬೇಕಾ?

ನಮ್ಮೂರು ಆಳಂದ ತಾಲೂಕಿನ ಗಡಿಯಲ್ಲಿದೆ. ಆಚೆ ಅಕ್ಕಲಕೋಟೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ನಾವು ಹದಿಮೂರು ತಿಂಗಳು ನಿಜಾಮನ ಆಳ್ವಿಕೆಯಲ್ಲೇ ಇದ್ದೆವು. ನಿಜಾಮನ ಪರದ ರಜಾಕಾರ ಪಡೆಯ ಹಾವಳಿಗೆ ಊರವರು ರಾತ್ರಿ ಜೋಳದ ಹೊಲದಲ್ಲಿ ಮಲಗುತ್ತಿದ್ದರಂತೆ. ಗಡಿಯಾಚೆ ಹೋರಾಟಗಾರರ ಶಿಬಿರಗಳಿದ್ದವು. ನಮ್ಮ ಮುತ್ಯಾ ಸೊಂಟಕ್ಕೆ ರೊಟ್ಟಿ ಕಟ್ಟಿಕೊಂಡು ಅಲ್ಲಿಗೆ ಹೋದವರು. ಅಲ್ಲಿ ಅವರಿಗೆ ಊಟ ಸಿಕ್ಕಿತು, ಜಾಗ ಸಿಕ್ಕಿತು, ಕೊನೆಗೆ ಒಂದು ಹಳೆ ಬಂದೂಕೂ ಸಿಕ್ಕಿತು. ಮುಪ್ಪಿನಲ್ಲೂ ಅದನ್ನು ಕೊಟ್ಟವನ ಹೆಸರು ಹೇಳಿ ಕೈ ಮುಗಿಯುತ್ತಿದ್ದರು. "ಆಂವ ಲೆಕ್ಕಾ ಹಾಕ್ಲಿಲ್ಲ, ಕೊಟ್ಟಾ" ಅನ್ನುತ್ತಿದ್ದರು.

ಆಗ ಎದುರಿಗೆ ಅಣುಬಾಂಬು ಇರಲಿಲ್ಲ. ಅದು ನನಗೆ ಗೊತ್ತು. ಅದಕ್ಕೇ ಉಕ್ರೇನಿಗೆ ನೇಟೋ ಸೈನಿಕರು ಹೋಗಲಿ ಅಂತ ನಾನೂ ಬರೆಯಲಾರೆ. ಸೈನಿಕರು ಬೇಡ, ಆದರೆ ಕೇಳಿದ ಆಯುಧ ಕೇಳಿದ ಹೊತ್ತಿಗೆ ಕೊಡಿ ಅನ್ನುವ ತನಕ ನಾನು ಬರುತ್ತೇನೆ.