ಹತ್ತೋ, ಹನ್ನೆರಡೋ?

ಮಗಳು ಓದಲೆಂದು ಸುರತ್ಕಲ್ಲಿಗೆ ಹೊರಟಾಗ ಹಾಸಿಗೆ, ಬಕೆಟ್ಟು, ಉಪ್ಪಿನಕಾಯಿ ಎಲ್ಲ ತೆಗೆದುಕೊಂಡು ಹೋದಳು. ಗಿಟಾರ್ ಮಾತ್ರ ಬಿಟ್ಟುಹೋದಳು. ಕಡಲ ಗಾಳಿಗೆ ತಂತಿ ತುಕ್ಕು ಹಿಡಿಯುತ್ತೆ ಅನ್ನುವುದು ಅವಳು ಹೇಳಿದ ಕಾರಣ. ಪಿಯುಸಿ ಎರಡನೇ ವರ್ಷದಿಂದ ಅದನ್ನು ಮುಟ್ಟೇ ಇರಲಿಲ್ಲ ಅನ್ನುವುದು ಹೇಳದ ಕಾರಣ. ಹಾಗೆ ಅದು ನಮ್ಮ ಮೈಸೂರಿನ ಮನೆಯ ಹಾಲಿನಲ್ಲಿ ಗೋಡೆಗೆ ಒರಗಿ ನಿಂತಿತು. ಬಂದವರೆಲ್ಲ ಒಂದು ಸಲ ಟೊಂಯ್ ಅನ್ನಿಸಿ ಹೋಗುತ್ತಿದ್ದರು. ಒಂದು ದಿನ ಕಸ ಗುಡಿಸುತ್ತಾ ನಾನೂ ಟೊಂಯ್ ಅನ್ನಿಸಿದೆ. ಪೊರಕೆ ಪಕ್ಕಕ್ಕಿಟ್ಟು ಕೂತವಳು ಏಳಲಿಲ್ಲ.

ನನಗೆ ತಂತಿ ಹೊಸದಲ್ಲ. ವೀಣೆ ಶೇಷಣ್ಣನವರ ಊರಲ್ಲಿ ಇದ್ದುಕೊಂಡು ವೀಣೆ ಮುಟ್ಟದಿದ್ದರೆ ಹೇಗೆ ಅಂತ ಅಪ್ಪ ಐದು ವರ್ಷ ಪಾಠಕ್ಕೆ ಕಳಿಸಿದ್ದರು. ವರ್ಣಕ್ಕೆ ಬರುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಬಂತು. ಪಾಠ ಅಲ್ಲಿಗೇ ನಿಂತಿತು. ಆದರೂ ಬೆರಳಿಗೆ ನೆನಪಿರುತ್ತದೆ ಅಂದುಕೊಂಡಿದ್ದೆ. ಬೆರಳಿಗೆ ನೆನಪಿದ್ದದ್ದು ನೋವು ಮಾತ್ರ. ಮೂರೇ ದಿನಕ್ಕೆ ಎಡಗೈಯ ನಾಲ್ಕು ಬೆರಳ ತುದಿಯಲ್ಲೂ ಗೆರೆ ಬಿದ್ದು, ಚಪಾತಿ ಹಿಟ್ಟು ನಾದುವಾಗ ಉಪ್ಪು ತಾಗಿ ಚುರುಗುಟ್ಟಿತು.

ವೀಣೆ ನುಡಿಸುವವರು ಬೆರಳು ಸರಾಗವಾಗಿ ಜಾರಲಿ ಅಂತ ಎಡಗೈ ಬೆರಳಿಗೆ ಚೂರು ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ. ನಾನೂ ಸವರಿಕೊಂಡೆ. ಗಿಟಾರಿನ ದಪ್ಪ ತಂತಿಗಳಿಗೆ ಸುತ್ತಲೂ ಸಣ್ಣ ಸರಿಗೆ ಸುತ್ತಿರುತ್ತಾರಲ್ಲ, ಆ ಸಂದುಗಳಲ್ಲಿ ಎಣ್ಣೆ, ಬೆವರು, ಧೂಳು ಎಲ್ಲ ಸೇರಿಕೊಂಡು ವಾರದೊಳಗೆ ದನಿ ಸತ್ತುಹೋಯಿತು. ಮಡಕೆ ಬಡಿದ ಹಾಗೆ. ಫೋನಿನಲ್ಲಿ ಮಗಳಿಗೆ ಹೇಳಿದರೆ, “ಅಮ್ಮಾ, ಅದು ಗಿಟಾರ್, ತಲೆಕೂದಲಲ್ಲ” ಅಂದಳು.

ಅದೇ ವಾರ ಮೊದಲನೆಯ ತಂತಿ ಕಿತ್ತುಬಂತು. ಬಿಡಿ ತಂತಿ ಸಿಗುತ್ತೇನೋ ನೋಡೋಣ ಅಂತ ಅಂಗಡಿಗೆ ಹೋದೆ.

“ಯಾವ ಗೇಜ್ ಮೇಡಂ?”

“ಮೊದಲನೇ ತಂತಿ ಕಣಪ್ಪ.”

“ಮೊದಲನೇದೇ ಮೇಡಂ. ಹತ್ತೋ, ಹನ್ನೊಂದೋ, ಹನ್ನೆರಡೋ?”

ಸೀರೆಗೆ ಫಾಲ್ಸ್ ತರಲು ಹೋಗುವಾಗ ಚೂರು ಬಟ್ಟೆ ಒಯ್ಯುವ ಅಭ್ಯಾಸ ನನ್ನದು. ಹಾಗಾಗಿ ತುಂಡಾದ ತಂತಿ ಪರ್ಸಿನಲ್ಲಿ ಇತ್ತು. ಹುಡುಗ ಅದನ್ನು ಎರಡು ಬೆರಳ ಮಧ್ಯೆ ಹೊಸೆದು ನೋಡಿ, “ಹನ್ನೆರಡು” ಅಂದ. ನನಗೆ ಅವನ ಬೆರಳ ಮೇಲೆ ಗೌರವ ಬಂತು. ಇನ್ನೊಂದು ಇರಲಿ ಅಂತ ಎರಡು ತಂತಿ ತಂದೆ.

ಆಮೇಲೆ ಶುರುವಾಯಿತು ನನ್ನ ಹುಡುಕಾಟ. ಹತ್ತು, ಹನ್ನೆರಡು ಅಂದರೆ ತಂತಿಯ ದಪ್ಪ, ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ. ಹತ್ತು ಅಂದರೆ 0.010 ಇಂಚು, ಹನ್ನೆರಡು ಅಂದರೆ 0.012. ಸೆಟ್ಟಿನಲ್ಲಿ ಎಲ್ಲಕ್ಕಿಂತ ತೆಳುವಾದ ತಂತಿಯ ಹೆಸರಲ್ಲೇ ಇಡೀ ಸೆಟ್ಟನ್ನು ಕರೆಯುವುದು. ಎರಡರ ನಡುವಿನ ವ್ಯತ್ಯಾಸ ಮಿಲಿಮೀಟರಿನಲ್ಲಿ 0.05. ತಲೆಕೂದಲು ಹೆಚ್ಚುಕಡಿಮೆ ಅಷ್ಟೇ ದಪ್ಪ. ಮಗಳು ತಮಾಷೆಗೆ ಹೇಳಿದ್ದು ನಿಜವೇ ಆಯಿತು.

ಆ ಕೂದಲೆಳೆ ಮಾಡುವ ಕೆಲಸ ಮಾತ್ರ ಸಣ್ಣದಲ್ಲ. ಇರಬೇಕಾದ ಶ್ರುತಿಗೆ ಏರಿಸಿದಾಗ ಹನ್ನೆರಡರ ತಂತಿ ಸುಮಾರು ಹತ್ತೂವರೆ ಕೆಜಿ ಬಿಗಿಯಲ್ಲಿ ನಿಂತಿರುತ್ತದೆ. ಹತ್ತರ ತಂತಿ ಏಳು ಚಿಲ್ಲರೆ ಕೆಜಿ. ತಂತಿಯ ಅಗಲ ಆರರಲ್ಲಿ ಒಂದು ಪಾಲು ಇಳಿದರೆ ಬಿಗಿ ಮೂರರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಯಾಕೆಂದರೆ ಬಿಗಿ ನಿಂತಿರುವುದು ತಂತಿಯ ತೂಕದ ಮೇಲೆ, ತೂಕ ನಿಂತಿರುವುದು ಅಗಲದ ವರ್ಗದ ಮೇಲೆ. ಫ್ರಾನ್ಸಿನ ಮರ್ಸೆನ್ ಅನ್ನುವ ಪಾದ್ರಿ 1636ರಲ್ಲೇ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಆರೂ ತಂತಿ ಕೂಡಿಸಿದರೆ ಹನ್ನೆರಡರ ಸೆಟ್ಟು 70 ಕೆಜಿಗೂ ಜಾಸ್ತಿ ಎಳೆಯುತ್ತದೆ. ಅಂದರೆ ಗೋಡೆಗೆ ಒರಗಿಕೊಂಡಿದ್ದ ಆ ಗಿಟಾರಿನ ಕುತ್ತಿಗೆಗೆ ಎರಡು ವರ್ಷದಿಂದ ನಮ್ಮ ಯಜಮಾನರ ತೂಕದ ಒಬ್ಬ ಆಳು ಹಗಲೂ ರಾತ್ರಿ ಜೋತುಬಿದ್ದಿದ್ದ.

ಇಷ್ಟು ಎಳೆಯುವ ಈ ಹನ್ನೆರಡರ ಸೆಟ್ಟಿಗೆ ಕಂಪನಿಗಳು ಇಟ್ಟಿರುವ ಹೆಸರು ‘ಲೈಟ್’! ಹದಿಮೂರು ಅಂದರೆ ಮೀಡಿಯಂ. ಗುಂಟೂರಿನವರು ‘ಮೀಡಿಯಂ ಖಾರ’ ಅನ್ನುತ್ತಾರಲ್ಲ, ಆ ಜಾತಿಯ ಲೆಕ್ಕ. ಹನ್ನೊಂದಕ್ಕೆ ಕಸ್ಟಮ್ ಲೈಟ್. ಹತ್ತಕ್ಕೆ ಎಕ್ಸ್‌ಟ್ರಾ ಲೈಟ್. ನನಗೆ ಬೇಕಾದದ್ದು ಅದೇ. ಕೇಳುವುದಕ್ಕೆ ಮಾತ್ರ ನಾಚಿಕೆ. ಮದುವೆ ಊಟದಲ್ಲಿ ಬಡಿಸುವವನನ್ನು ನಿಲ್ಲಿಸಿ, “ಖಾರ ಇಲ್ಲದ ಸಾರು ಇದೆಯಾ?” ಅಂದ ಹಾಗೆ ಅನ್ನಿಸುತ್ತದೆ. ಎರಡನೇ ಸಲ ಅಂಗಡಿಗೆ ಹೋದಾಗ ಪಕ್ಕದಲ್ಲಿದ್ದ ಕಾಲೇಜು ಹುಡುಗ ಕೇಳದೆಯೇ ಸಲಹೆ ಕೊಟ್ಟ. “ಹತ್ತು ಹಾಕಿದ್ರೆ ಸೌಂಡೇ ಬರಲ್ಲ ಆಂಟಿ. ಬೆರಳು ಗಟ್ಟಿ ಆಗೋವರೆಗೂ ಸಹಿಸಿಕೊಳ್ಳಿ.” ಅವನು ತುದಿಬೆರಳುಗಳನ್ನು ತೋರಿಸಿದ. ನೇಗಿಲು ಹಿಡಿದವರ ಅಂಗೈಯ ಹಾಗೆ ದಡ್ಡುಗಟ್ಟಿದ್ದವು. ಗಿಟಾರ್ ಕಲಿಯುವುದು ಅಂದರೆ ನೋವು ಸಹಿಸುವುದು ಅಂತ ಇವರಲ್ಲಿ ಒಂದು ನಂಬಿಕೆ ಇದೆ. ನನ್ನ ವೀಣೆ ಮೇಡಂ ಕೂಡ ಇದೇ ಗುಂಪಿನವರು.

ಆದರೆ ಅಮೆರಿಕದಲ್ಲಿ ಎರ್ನಿ ಬಾಲ್ ಅಂತ ಒಬ್ಬ ಗಿಟಾರ್ ಮೇಷ್ಟ್ರು ಇದ್ದ. ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯೂ ಇತ್ತು. ಹೊಸದಾಗಿ ಕಲಿಯುವವರು ಎಲೆಕ್ಟ್ರಿಕ್ ಗಿಟಾರಿನ ದಪ್ಪ ಮೂರನೇ ತಂತಿ ಒತ್ತಲಾರದೆ ಒದ್ದಾಡುವುದನ್ನು ದಿನಾ ನೋಡುತ್ತಿದ್ದ. ತಂತಿ ಮಾಡುವ ದೊಡ್ಡವರು ತೆಳುವಾದ ಸೆಟ್ಟು ಮಾಡಲು ಮನಸ್ಸು ಮಾಡದಿದ್ದಾಗ ತಾನೇ ಮಾಡಿಸಿ 1962ರಲ್ಲಿ ಮಾರತೊಡಗಿದ. ದೊಡ್ಡ ದೊಡ್ಡ ವಾದಕರೇ ಆ ತೆಳು ತಂತಿಗೆ ಬಂದರು. ಈ ಕಥೆ ಓದಿದ ಮೇಲೆ ನನಗೆ ಧೈರ್ಯ ಬಂತು. “ಹತ್ತು ಕೊಡಪ್ಪ” ಅಂದೆ, ಸ್ವಲ್ಪ ಜೋರಾಗಿಯೇ.

ಹುಡುಗ ಮತ್ತೆ ಕೇಳಿದ. “ಏಯ್ಟಿ ಟ್ವೆಂಟಿ ಬ್ರಾಂಝೋ, ಫಾಸ್ಫರ್ ಬ್ರಾಂಝೋ?” ಇದರಲ್ಲಿ ನನ್ನನ್ನು ಯಾರೂ ಮೋಸ ಮಾಡಲಾರರು. ಮೊದಲನೆಯದರಲ್ಲಿ ತಾಮ್ರ 80 ಪಾಲು, ಸತು 20 ಪಾಲು. ತಾಮ್ರಕ್ಕೆ ಸತು ಸೇರಿದರೆ ಅದು ಹಿತ್ತಾಳೆ. ತವರ ಸೇರಿದರೆ ಕಂಚು. ಬ್ರಾಂಝ್ ಅಂತ ಪೊಟ್ಟಣದ ಮೇಲೆ ಚಿನ್ನದ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ಹಿತ್ತಾಳೆ ಚೊಂಬು ಕಂಚಿನ ಚೊಂಬು ಆಗುತ್ತದೆಯೇ? ನಿಜವಾದ ಕಂಚು ಎರಡನೆಯದು. ತಾಮ್ರ, ತವರ, ಚೂರೇ ಚೂರು ರಂಜಕ. 1974ರಿಂದ ಗಿಟಾರಿನ ತಂತಿಗೆ ಬಂದಿದೆ. ಹಿತ್ತಾಳೆಯದು ಹೊಸದರಲ್ಲಿ ಝಣಝಣ ಅನ್ನುತ್ತದೆ, ಬೇಗ ಮಂಕಾಗುತ್ತದೆ. ಕಂಚಿನದು ಸ್ವಲ್ಪ ಮೆತ್ತಗಿನ ದನಿ, ಬಾಳಿಕೆ ಜಾಸ್ತಿ. ತೆಳುವಾದ ಮೊದಲ ಎರಡು ತಂತಿ ಮಾತ್ರ ಯಾವ ಪೊಟ್ಟಣದಲ್ಲೂ ಬರೀ ಉಕ್ಕು. ಕಂಚು ತಂದೆ.

ಹಾಕುವುದಕ್ಕೆ ಒಂದು ಇಡೀ ಭಾನುವಾರ ಹೋಯಿತು. ವೀಣೆಯಲ್ಲಿ ‘ಕುದುರೆ’ ಅನ್ನುತ್ತೇವಲ್ಲ, ಗಿಟಾರಿನಲ್ಲಿ ಅದೇ ಬ್ರಿಡ್ಜ್. ಅದರಲ್ಲಿ ಆರು ಗೂಟ. ಒಂದೊಂದೇ ಕಿತ್ತು, ತಂತಿಯ ಗುಂಡು ತುದಿಯನ್ನು ತೂತಿಗೆ ಇಳಿಸಿ, ಗೂಟ ಒತ್ತಿ, ಬಿರಡೆಗೆ ಸುತ್ತಿ ತಿರುವಿದೆ. ಆರೂ ಮುಗಿಯುವಷ್ಟರಲ್ಲಿ ಮೊದಲನೆಯದು ಶ್ರುತಿ ಇಳಿದಿತ್ತು. ಹೊಸ ತಂತಿ ಹಿಗ್ಗುವವರೆಗೆ ಅದು ಹಾಗೇ.

ಬೆರಳಿಗೆ ಹಾಯಾಯಿತು. ಕಿವಿಗೆ ಆಗಲಿಲ್ಲ. ಎಲ್ಲಿ ಒತ್ತಿದರೂ ಸಣ್ಣಗೆ ಝರ್ ಝರ್. ಮಂಡಿ ಮೊಹಲ್ಲಾದಲ್ಲಿ ವಾದ್ಯ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಗಿಟಾರನ್ನು ಬಂದೂಕಿನ ಹಾಗೆ ಕಣ್ಣಿಗೆ ಹಿಡಿದು ಕುತ್ತಿಗೆಯ ಉದ್ದಕ್ಕೂ ನೋಡಿದರು. “ಹೊರೆ ಇಳಿಸಿದ್ದೀರಿ, ಕತ್ತು ನೆಟ್ಟಗಾಗಿದೆ” ಅಂದರು. 70 ಕೆಜಿ ಎಳೆತಕ್ಕೆ ಚೂರು ಬಾಗಿ ನಿಂತಿದ್ದ ಮರ, ಹತ್ತು ಹನ್ನೆರಡು ಕೆಜಿ ಇಳಿದ ಕೂಡಲೇ ಹಿಂದಕ್ಕೆ ಸರಿದಿದೆ. ತಂತಿ ಕುತ್ತಿಗೆಯ ಮೇಲಿನ ಲೋಹದ ಮೆಟ್ಟಿಲಿಗೆ ತಾಗುತ್ತಿದೆ. ಮೂಟೆ ಇಳಿಸಿದ ಹಮಾಲಿ ಬೆನ್ನು ಸೆಟೆಸುತ್ತಾನಲ್ಲ, ಹಾಗೆ. ಕುತ್ತಿಗೆಯೊಳಗೆ ಒಂದು ಉಕ್ಕಿನ ಸರಳು ಇದೆ. ಅದನ್ನು ಕೀಲಿಯಲ್ಲಿ ಕಾಲು ಸುತ್ತು ಸಡಿಲ ಮಾಡಿದರು. ಝರ್ ನಿಂತಿತು.

ಆಮೇಲೆ ಅವರು ಮಾಡಿದ್ದು ನನಗೆ ಈಗಲೂ ಉರಿಯುತ್ತದೆ. ತಂತಿಯನ್ನು ಮೂರನೇ ಮೆಟ್ಟಿಲ ಹಿಂದೆ ಒತ್ತಿ ಹಿಡಿದು, ಮೊದಲನೇ ಮೆಟ್ಟಿಲಿಗೂ ತಂತಿಗೂ ನಡುವೆ ಎಷ್ಟು ಸಂದಿದೆ ಅಂತ ತೋರಿಸಿದರು. ಒಂದು ಹಾಳೆ ತೂರುವಷ್ಟಿದ್ದರೆ ಸಾಕಂತೆ. ನಮ್ಮದರಲ್ಲಿ ಲಗ್ನಪತ್ರಿಕೆಯೇ ತೂರುತ್ತಿತ್ತು. ಬಿರಡೆಗಳ ಕೆಳಗೆ ತಂತಿ ಕೂರುವ ಬಿಳಿ ಪಟ್ಟಿಯ ಕಚ್ಚುಗಳು ಮೊದಲಿನಿಂದಲೂ ಎತ್ತರವಿದ್ದವು. ಸಣ್ಣ ಅರದಲ್ಲಿ ಆರೂ ಕಚ್ಚು ಉಜ್ಜಿದರು. ಹತ್ತು ನಿಮಿಷದ ಕೆಲಸ. “ಮೊದಲೇ ಬಂದಿದ್ದರೆ ಹನ್ನೆರಡೇ ಇಟ್ಟುಕೊಳ್ಳಬಹುದಿತ್ತಮ್ಮ. ಬೆರಳು ಕುಯ್ಯುತ್ತಿದ್ದದ್ದು ಅರ್ಧ ಇದು.” ನನ್ನ ಮಗಳು ಹಲವು ತಂತಿ ಒಟ್ಟಿಗೆ ಒತ್ತಿ ಹಿಡಿಯುವ ಎಫ್ ಕಾರ್ಡಿನ ಹತ್ತಿರ ಬಂದು ಗಿಟಾರ್ ಬಿಟ್ಟಿದ್ದಳು. ಆ ಕಾರ್ಡು ಹಿಡಿಯುವುದು ಮೊದಲನೇ ಮೆಟ್ಟಿಲಲ್ಲಿ. ಅವಳಿಗೆ ಶ್ರದ್ಧೆ ಇಲ್ಲ ಅಂತ ನಾನು ಎಷ್ಟು ಬೈದಿದ್ದೆ.

ಹಾಗಂತ ಹತ್ತನ್ನು ಬಿಚ್ಚಲಿಲ್ಲ. ನನ್ನದೊಂದು ಗುಟ್ಟಿನ ಕಾರಣವಿತ್ತು. ವೀಣೆಯಲ್ಲಿ ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಮುಂದಿನ ಎರಡು ಮೂರು ಸ್ವರ ಅಲ್ಲೇ ಸಿಗುತ್ತವೆ. ಹನ್ನೆರಡರಲ್ಲಿ ಎಳೆದರೆ ನನ್ನ ಬೆರಳು ಬಾಗುತ್ತಿತ್ತೇ ಹೊರತು ತಂತಿ ಬಾಗುತ್ತಿರಲಿಲ್ಲ. ಹತ್ತರಲ್ಲಿ ಒಂದು ಸ್ವರದವರೆಗೆ ಬರುತ್ತದೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ತೋಡಿ ರಾಗದ ಗಾಂಧಾರ ಅಲುಗಿಸಿ ನೋಡುತ್ತೇನೆ. ತೋಡಿ ಅನ್ನುವ ಹಾಗಿಲ್ಲ. ತೋಡಿಯ ಬೀದಿ ಅನ್ನಬಹುದು. ಆ ಕಾಲೇಜು ಹುಡುಗ ಹೇಳಿದ್ದೂ ಸುಳ್ಳಲ್ಲ. ದನಿ ತೆಳು. ಜೋರಾಗಿ ಬಾರಿಸಿದರೆ ಕೆಳಗಿನ ತಂತಿಗಳ ಗುಂಯ್ ಇಲ್ಲವೇ ಇಲ್ಲ. ಕೋಣೆಯಲ್ಲಿ ಕೂತು ಬೆರಳಲ್ಲಿ ಮೀಟುವವಳಿಗೆ ಅಷ್ಟು ಗುಂಯ್ ಯಾಕೆ, ಅಲ್ವಾ?

ದಸರಾ ರಜಕ್ಕೆ ಮಗಳು ಬಂದಳು. ಗಿಟಾರ್ ಎತ್ತಿಕೊಂಡು, “ಏನಮ್ಮ ಇದು, ರಬ್ಬರ್ ಬ್ಯಾಂಡ್ ಹಾಕಿದ್ದೀಯ?” ಅಂದಳು. ಆದರೂ ಎಫ್ ಹಿಡಿದು ನೋಡಿದಳು. ಹಿಡಿಯಲು ಬಂತು. ಇನ್ನೊಂದು ಸಲ ಹಿಡಿದಳು. ಆಮೇಲೆ ತಂತಿ ಮೀಟುವ ಬಿಲ್ಲೆ, ಪ್ಲೆಕ್ಟ್ರಮ್, ಹುಡುಕಿ ತಂದು, ಇಡೀ ಬೀದಿಗೆ ಕೇಳುವ ಹಾಗೆ ರಪರಪ ಬಾರಿಸಿದಳು. ಅರ್ಧ ಗಂಟೆಗೆ ಮೊದಲನೇ ತಂತಿ ಟಪ್ ಅಂತ ಹೋಯಿತು.

ಹತ್ತರದು ಬಿಡಿ ತಂತಿ ಮನೆಯಲ್ಲಿರಲಿಲ್ಲ. ದೇವರ ಮನೆಯ ಡ್ರಾಯರಿನಲ್ಲಿ, ಊದುಬತ್ತಿ ಪೊಟ್ಟಣದ ಕೆಳಗೆ, ಅವತ್ತು ಇರಲಿ ಅಂತ ತಂದಿದ್ದ ಹನ್ನೆರಡರದು ಒಂದು ಇತ್ತು. ಅದನ್ನೇ ಹಾಕಿದೆವು. ಈಗ ನಮ್ಮ ಗಿಟಾರಿನಲ್ಲಿ ಐದು ತಂತಿ ನನ್ನವು, ಒಂದು ಅವಳದು. ಅದೊಂದು ಮಾತ್ರ ಉಳಿದವಕ್ಕಿಂತ ಜೋರಾಗಿ ಮಾತಾಡುತ್ತದೆ. ಅವಳು ಸುರತ್ಕಲ್ಲಿಗೆ ಹೋಗಿ ತಿಂಗಳಾಯಿತು, ನಾನಿನ್ನೂ ಬದಲಾಯಿಸಿಲ್ಲ.