ಕೊನೆಯ ನಲ್ಲಿಯ ನೀರು ಪರೀಕ್ಷಿಸಿ

ಇವತ್ತು ಬೆಳಿಗ್ಗೆ ನೀರಿನ ಸ್ಯಾಂಪಲ್ ತೆಗೆಯೋಕೆ ಬಂದಿದ್ದರು. ಓವರ್‌ಹೆಡ್ ಟ್ಯಾಂಕಿನ ಬುಡದ ನಲ್ಲಿ ತಿರುಗಿಸಿ ಬಾಟಲಿ ತುಂಬಿಸಿ, ಲೇಬಲ್ ಅಂಟಿಸಿ, ಬೈಕಿನ ಬ್ಯಾಗಿಗೆ ತುರುಕಿದರು. ಸ್ಯಾಂಪಲ್ ತಣ್ಣಗಿಡೋಕೆ ಐಸ್ ಪೆಟ್ಟಿಗೆ ಇಲ್ಲ. "ಬೀದಿ ಕೊನೆಯ ಮನೆಯಿಂದಲೂ ಒಂದು ತಗೊಳ್ಳಿ ಸಾರ್" ಅಂದೆ. "ಎಲ್ಲಾ ಒಂದೇ ನೀರು ಮೇಡಂ" ಅಂದು ಹೊರಟೇಬಿಟ್ಟರು.

ಒಂದೇ ನೀರಲ್ಲ! ವರ್ಷಗಟ್ಟಲೆ ಲ್ಯಾಬಿನಲ್ಲಿ ಇದೇ ಕೆಲಸ ಮಾಡಿದವಳು ನಾನು, ನಿಮಗೆಲ್ಲ ಗೊತ್ತಿರೋದೇ. ಟ್ಯಾಂಕಿನಿಂದ ಹೊರಟ ನೀರಿನಲ್ಲಿ ಕ್ರಿಮಿ ಕೊಲ್ಲುವ ಕ್ಲೋರಿನ್ ದಾರಿಯುದ್ದಕ್ಕೂ ಕಡಿಮೆಯಾಗುತ್ತಾ ಹೋಗುತ್ತದೆ. ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಕಡೆಯಂತೂ ಪೈಪು ಖಾಲಿಯಾದಾಗ ಒಡಕುಗಳಿಂದ ಸುತ್ತಲಿನ ಕೊಳಚೆ ಒಳಗೆ ನುಗ್ಗುತ್ತದೆ. ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, 100 ಮಿಲಿಲೀಟರಿನಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಒಂದೂ ಸಿಗಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದನ್ನು ಜನ ಕುಡಿಯುವ ಕಡೆ ನೋಡದೆ ಟ್ಯಾಂಕಿನ ಬುಡದಲ್ಲಿ ನೋಡಿದರೆ ಏನು ಗೊತ್ತಾಗುತ್ತೆ?

ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನೀರಿನ ಮೂಲ ಬದಲಾಯಿಸಿದರು, ತುಕ್ಕು ತಡೆಯುವ ರಾಸಾಯನಿಕ ಹಾಕಲಿಲ್ಲ. ಪೈಪು ಸವೆದು ನೀರಿಗೆ ವಿಷಕಾರಿ ಸೀಸ ಸೇರಿತು. ಸೇರಿದ್ದು ಶುದ್ಧೀಕರಣ ಘಟಕದಲ್ಲಲ್ಲ, ಮನೆಗಳಿಗೆ ಹೋಗುವ ಪೈಪುಗಳಲ್ಲಿ. ಸೀಸದ ಪರೀಕ್ಷೆಗೆ ರಾತ್ರಿಯಿಡೀ ಪೈಪಿನಲ್ಲಿ ನಿಂತ ಮೊದಲ ನೀರು ಬೇಕು. ಅಲ್ಲಿ ಸ್ಯಾಂಪಲ್ ತೆಗೆಯುವ ಹಿಂದಿನ ರಾತ್ರಿಯೇ ನಲ್ಲಿ ಹರಿಬಿಡಿ ಅಂತ ಜನರಿಗೆ ಹೇಳಿದ್ದರು, ಹಾಗೆ ಮಾಡಿದರೆ ಸೀಸ ಕಡಿಮೆ ಕಾಣುತ್ತದೆ! ಕೆನಡಾದ ವಾಕರ್‌ಟನ್ ಊರಿನಲ್ಲಿ 2000ದಲ್ಲಿ ಕಲುಷಿತ ನಲ್ಲಿ ನೀರು ಕುಡಿದು 7 ಜನ ಸತ್ತರು, 2,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಸಿಬ್ಬಂದಿ ಸ್ಯಾಂಪಲ್ ತೆಗೆದ ಜಾಗವನ್ನೇ ಸುಳ್ಳು ಬರೆಯುತ್ತಿದ್ದರು, ಕ್ಲೋರಿನ್ ಅಳೆಯದೆ ಅಂಕಿ ತುಂಬುತ್ತಿದ್ದರು ಅಂತ ಆಮೇಲಿನ ವಿಚಾರಣೆಯಲ್ಲಿ ಹೊರಬಿತ್ತು. ಜಾಗ ಅಷ್ಟು ಮುಖ್ಯ ಕಣ್ರೀ.

ಪ್ರತಿ ಮನೆಗೂ ಹೋಗೋಕೆ ಸಿಬ್ಬಂದಿ ಎಲ್ಲಿದ್ದಾರೆ ಅಂತ ಕೇಳುವವರಿದ್ದಾರೆ. ಪ್ರತಿ ಮನೆಗೆ ಹೋಗಿ ಅಂತ ಯಾರು ಹೇಳಿದ್ದು? ಲೈನಿನ ತುದಿಯ ಕೆಲವು ಮನೆ ಸಾಕು. ಡಿಪಿಡಿ ಮಾತ್ರೆ ನೀರಿಗೆ ಹಾಕಿ ಅಲುಗಾಡಿಸಿದರೆ ಕ್ಲೋರಿನ್ ಇದ್ದಷ್ಟು ಗುಲಾಬಿ ಬಣ್ಣ ಏರುತ್ತದೆ, ಪಟ್ಟಿಯ ಬಣ್ಣದ ಜೊತೆ ಹೋಲಿಸಿದರೆ ಆಯಿತು. ಕೆಲವೇ ನಿಮಿಷದ ಕೆಲಸ. ಇಷ್ಟಕ್ಕೂ ಪುರುಸೊತ್ತಿಲ್ಲ ಅನ್ನೋ ಮಾತನ್ನು ನಾನು ಒಪ್ಪಲ್ಲ.

ಈ ವಿಷಯಕ್ಕೆ ನನಗೆ ಯಾಕಿಷ್ಟು ಸಿಟ್ಟು ಅಂದರೆ, ನನ್ನ ತಂಗಿ ಕಾಮಾಲೆಯಾಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಳು. ಅವಳ ಬೀದಿಯಲ್ಲಿ ಮನೆಮನೆಗೂ ಅದೇ ಕಾಯಿಲೆ. ಆಗ ಬಂದ ನೀರಿನ ವರದಿಯಲ್ಲಿ "ಕುಡಿಯಲು ಯೋಗ್ಯ" ಅಂತಿತ್ತು. ಸ್ಯಾಂಪಲ್ ಟ್ಯಾಂಕಿನ ಹತ್ತಿರದ್ದು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ.

ಹಾಗಾಗಿ ವರದಿ ಕೈಗೆ ಬಂದರೆ ಮೊದಲು ಸ್ಯಾಂಪಲ್ ಎಲ್ಲಿಂದ, ಎಷ್ಟು ಗಂಟೆಗೆ ತೆಗೆದರು ನೋಡಿ. ಲ್ಯಾಬಿಗೆ ಯಾವಾಗ ತಲುಪಿತು ನೋಡಿ. ಬಾಟಲಿಯಲ್ಲಿ ಕ್ಲೋರಿನ್ ಕೆಲಸ ನಿಲ್ಲಿಸುವ ಸೋಡಿಯಂ ಥಯೋಸಲ್ಫೇಟ್ ಇತ್ತಾ ಕೇಳಿ. ಅದಿಲ್ಲದಿದ್ದರೆ ದಾರಿಯಲ್ಲೇ ಕ್ಲೋರಿನ್ ಕ್ರಿಮಿಗಳನ್ನು ಕೊಂದು, ಕೆಟ್ಟ ನೀರೂ ಪಾಸಾಗಿಬಿಡಬಹುದು. ಈ ವಿವರಗಳಿಲ್ಲದ ವರದಿಯನ್ನು ವಾಪಸ್ ಕಳಿಸಿ, ಕೊನೆಯ ನಲ್ಲಿಯಿಂದ ಮತ್ತೆ ತೆಗೆಸಿ. ಅರ್ಥವಾಗದಿದ್ದರೆ ಫೋಟೋ ಇನ್‌ಬಾಕ್ಸ್ ಮಾಡಿ, ಕೂತು ಓದಿ ಹೇಳ್ತೀನಿ.