ಬಾಯಿಮಾತು ದೇಶವನ್ನು ಕಟ್ಟಿಹಾಕಬೇಕೇ?

ಪರ: ಆಡಿದ ಮೇಲೆ ನಡೆಯಲೇಬೇಕು

1919ರ ಜುಲೈ 22. ಇಡೀ ಗ್ರೀನ್‌ಲ್ಯಾಂಡ್ ತನ್ನದೆಂದು ಒಪ್ಪಿಸಿಕೊಳ್ಳಲು ಡೆನ್ಮಾರ್ಕ್ ಓಡಾಡುತ್ತಿದ್ದ ಕಾಲ. ಇದಕ್ಕೆ ನಮ್ಮ ಸರ್ಕಾರ ಅಡ್ಡಿ ಮಾಡುವುದಿಲ್ಲ ಎಂದು ನಾರ್ವೆಯ ವಿದೇಶಾಂಗ ಮಂತ್ರಿ ಇಹ್ಲೆನ್, ಡೆನ್ಮಾರ್ಕಿನ ರಾಯಭಾರಿಗೆ ಹೇಳಿದರು. ಒಪ್ಪಂದವಿಲ್ಲ, ಮೊಹರಿಲ್ಲ. ಬಾಯಲ್ಲಿ ಹೇಳಿದರು, ಹೇಳಿದ್ದನ್ನು ತಮ್ಮ ಟಿಪ್ಪಣಿಯಲ್ಲಿ ಬರೆದಿಟ್ಟರು, ಅಷ್ಟೇ.

1931ರಲ್ಲಿ ನಾರ್ವೆ ಪೂರ್ವ ಗ್ರೀನ್‌ಲ್ಯಾಂಡಿನ ಒಂದು ಭಾಗ ತನ್ನದೆಂದು ಘೋಷಿಸಿತು. ಡೆನ್ಮಾರ್ಕ್ ಸೈನ್ಯ ಕಳಿಸಲಿಲ್ಲ, ಹೇಗ್‌ನ ಅಂತರರಾಷ್ಟ್ರೀಯ ಕೋರ್ಟಿಗೆ ಹೋಯಿತು. ಅದರ ಕೈಯಲ್ಲಿ ಬೇರೆ ದಾಖಲೆಗಳೂ ಇದ್ದವು, ನಿಜ. ಆದರೆ 1933ರ ತೀರ್ಪು ಇಹ್ಲೆನ್ ಮಾತನ್ನು ಸುಮ್ನೆ ಬಿಡಲಿಲ್ಲ. ತನ್ನ ಖಾತೆಯ ವಿಷಯದಲ್ಲಿ, ಸರ್ಕಾರದ ಪರವಾಗಿ ವಿದೇಶಾಂಗ ಮಂತ್ರಿ ಕೊಟ್ಟ ಉತ್ತರಕ್ಕೆ ದೇಶ ಬದ್ಧ ಎಂದಿತು. ನಾರ್ವೆ ತೀರ್ಪಿಗೆ ತಲೆಬಾಗಿ ಹಿಂದೆ ಸರಿಯಿತು. ಒಂದು ಗುಂಡೂ ಹಾರಲಿಲ್ಲ.

ಜಗಳಗಳನ್ನು ಶಾಂತಿಯಿಂದಲೇ ಬಗೆಹರಿಸಿಕೊಳ್ಳಿ ಎಂದು ವಿಶ್ವಸಂಸ್ಥೆಯ ಸನ್ನದು ಹೇಳುತ್ತದೆ. ಮಾತಿಗೇ ಬೆಲೆ ಇಲ್ಲದಿದ್ದರೆ ಅದು ಹೇಗೆ ಸಾಧ್ಯ? ಪಕ್ಕದ ದೇಶದ ಮಾತು ನಂಬಿ ಗಡಿಯಿಂದ ಸೈನ್ಯ ಹಿಂದಕ್ಕೆ ಕರೆಸಿಕೊಂಡವರು, ನಾಳೆ ಆ ಮಾತು ಉಲ್ಟಾ ಆದರೆ ಯಾರನ್ನು ಕೇಳಬೇಕು? ದೊಡ್ಡ ದೇಶಕ್ಕೆ ಬಲ ಇದೆ. ಚಿಕ್ಕ ದೇಶದ ಕೈಯಲ್ಲಿ ಎಷ್ಟೋ ಸಲ ಇರುವುದು ಎದುರಿನವರು ಕೊಟ್ಟ ಮಾತು ಮಾತ್ರ. ಅದನ್ನೂ ಕಿತ್ತುಕೊಳ್ಳುವುದು ಅನ್ಯಾಯ ಅಲ್ವಾ?

ವಿರೋಧ: ಮಾತಿಗೆ ಅಷ್ಟು ಭಾರ ಹೊರಿಸಬೇಡಿ

ಕೊಟ್ಟ ಮಾತು ಉಳಿಯಬೇಕು, ಸರಿ. ಆದರೆ ಅದನ್ನು ಯಾರಿಗೆ ಕೊಟ್ಟದ್ದು, ಎಷ್ಟಕ್ಕೆ ಕೊಟ್ಟದ್ದು?

ಪೆಸಿಫಿಕ್‌ನ ಮುರುರೋವಾ ಹವಳದ್ವೀಪದ ಮೇಲಿನ ಆಕಾಶದಲ್ಲಿ ಫ್ರಾನ್ಸ್ ಅಣುಬಾಂಬ್ ಪರೀಕ್ಷೆ ಮಾಡುತ್ತಿತ್ತು. 1973ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಅಂತರರಾಷ್ಟ್ರೀಯ ಕೋರ್ಟಿಗೆ ಹೋದವು. ಫ್ರಾನ್ಸ್ ಕೋರ್ಟಿನ ಕಡೆ ತಲೆ ಹಾಕಲಿಲ್ಲ. ಮಧ್ಯಂತರ ಆದೇಶ ಬಂದ ಮೇಲೂ ಪರೀಕ್ಷೆ ನಿಲ್ಲಲಿಲ್ಲ. ಮರುವರ್ಷ ಅಲ್ಲಿನ ಅಧ್ಯಕ್ಷರು ಪತ್ರಿಕಾಗೋಷ್ಠಿಯಲ್ಲಿ, ರಕ್ಷಣಾ ಮಂತ್ರಿ ಟಿವಿಯಲ್ಲಿ, ಆಕಾಶದ ಪರೀಕ್ಷೆ ಇಲ್ಲಿಗೆ ಮುಗಿಯಿತು ಎಂಬರ್ಥದ ಮಾತು ಹೇಳಿದರು. ಡಿಸೆಂಬರ್ 20ರಂದು ಕೋರ್ಟು, 9-6 ಬಹುಮತದಿಂದ, ಈ ಮಾತು ಫ್ರಾನ್ಸನ್ನು ಕಟ್ಟಿಹಾಕುತ್ತದೆ, ಆದ್ದರಿಂದ ತೀರ್ಮಾನಿಸಲು ಇನ್ನೇನೂ ಉಳಿದಿಲ್ಲ ಎಂದು ಕಡತ ಮುಚ್ಚಿತು.

ನನಗೆ ಇವತ್ತಿಗೂ ಇದು ನುಂಗಲಾರದ ತುತ್ತು. ಆ ಎರಡು ದೇಶ ಕೇಳಿದ್ದು ಭರವಸೆಯನ್ನಲ್ಲ, ತೀರ್ಪನ್ನು. ಇನ್ನೊಬ್ಬರ ನೆಲದ ಮೇಲೆ ವಿಕಿರಣದ ಧೂಳು ಬೀಳಿಸುವುದು ಕಾನೂನಿಗೆ ಸರಿಯೇ ಎಂಬ ಪ್ರಶ್ನೆಗೆ ಉತ್ತರವೇ ಸಿಗಲಿಲ್ಲ. ಪರೀಕ್ಷೆ ನೆಲದಡಿಗೆ ಇಳಿಯಿತು. 1995ರಲ್ಲಿ ನ್ಯೂಜಿಲೆಂಡ್ ಮತ್ತೆ ಕದ ತಟ್ಟಿದಾಗ, ಹಳೆಯ ತೀರ್ಪು ಆಕಾಶದ ಪರೀಕ್ಷೆಗೆ ಮಾತ್ರ ಸಂಬಂಧಿಸಿದ್ದು ಎಂದು ಕೋರ್ಟು ವಾಪಸ್ ಕಳಿಸಿತು.

ಇನ್ನು ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಕಥೆ. ಪಕ್ಕದ, ಈಗಿನ ಬುರ್ಕಿನಾ ಫಾಸೊ ಜೊತೆ ಅದಕ್ಕೆ ಗಡಿ ಜಗಳವಿತ್ತು. 1975ರಲ್ಲಿ ಅಧ್ಯಕ್ಷ ಮೂಸಾ ತ್ರಾವೊರೆ ಸುದ್ದಿಸಂಸ್ಥೆಯೊಂದಕ್ಕೆ ಸಂದರ್ಶನ ಕೊಟ್ಟರು. ಆಫ್ರಿಕಾದ ಮಧ್ಯಸ್ಥ ಆಯೋಗ ಗಡಿಯನ್ನು ನಮ್ಮ ರಾಜಧಾನಿ ಬಮಾಕೊ ಮೂಲಕವೇ ಎಳೆದರೂ ಒಪ್ಪುತ್ತೇವೆ ಎಂದುಬಿಟ್ಟರು. ಈ ಮಾತನ್ನು ಅಕ್ಷರಶಃ ಹಿಡಿದರೆ ದೇಶದ ಗತಿಯೇನು? ಗಡಿ ವಿವಾದ ಕೋರ್ಟಿಗೆ ಬಂದಾಗ, ಬದ್ಧರಾಗಬೇಕು ಅನ್ನಿಸಿದ್ದರೆ ಎರಡೂ ಕಡೆಯವರು ಮಾಮೂಲಿನಂತೆ ಒಪ್ಪಂದ ಮಾಡಿಕೊಳ್ಳಬಹುದಿತ್ತು ಎಂದು ನ್ಯಾಯಾಧೀಶರು ಆ ಮಾತನ್ನು ಬದಿಗಿಟ್ಟರು. ಸರಿಯಾಗಿಯೇ ಮಾಡಿದರು. ಇಲ್ಲದಿದ್ದರೆ ಸಂಧಾನಕ್ಕೆ ಕೂತವರು ಬಾಯಿ ಬಿಡಲೇ ಹೆದರುತ್ತಾರೆ.

ಮಾಲಿಯನ್ನೂ ಬುರ್ಕಿನಾ ಫಾಸೊವನ್ನೂ ಕೋರ್ಟಿಗೆ ಕರೆತಂದದ್ದು ಸಂದರ್ಶನವಲ್ಲ, 1983ರಲ್ಲಿ ಇಬ್ಬರೂ ಸಹಿ ಹಾಕಿದ ಒಪ್ಪಂದ. ಮಧ್ಯೆ, 1985ರ ಡಿಸೆಂಬರ್‌ನಲ್ಲಿ, ಗಡಿಯಲ್ಲಿ ರಕ್ತವೂ ಹರಿಯಿತು. ಆದರೂ ಮರುವರ್ಷ ಕೋರ್ಟು ನಕ್ಷೆಯ ಮೇಲೆ ಗೆರೆ ಎಳೆದಾಗ ಎರಡೂ ದೇಶ ಒಪ್ಪಿಕೊಂಡವು.